ಹರಕಿವಿಯ ಮರಿಗಳು

ಗದಗ ಹೊಸದಾಗಿ ಜಿಲ್ಲೆಯಾದ ದಿನಗಳಲ್ಲಿ ನಾನು ಕಾಲೇಜು ಓದುತ್ತಿದ್ದೆ. ರಜೆ ಬಂತೆಂದರೆ ಬಸ್ಸು ಹತ್ತಿ ಅದೇ ಜಿಲ್ಲೆಯ ಮಾಗಡಿಯ ಚಿಗವ್ವನ ಮನೆಗೆ. ಚೀಲ ಕೆಳಗಿಡುವ ಮೊದಲೇ ಅವಳು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದಳು.

“ಬಿಳಚಿಕೊಂಡಾವಲ್ಲ! ಹೊಟ್ಟ್ಯಾಗ ಜಂತುಹುಳ ಸಾಕೀಯೇನ?”

“ನಾ ಏನ್ ಕುರಿ ಅಲ್ಲ, ಬಿಡ ಚಿಗವ್ವ.”

“ಕುರಿ ಆಗಿದ್ರ ಹೇಳಿದ ಮಾತರ ಕೇಳತಿದ್ದಿ.”

ಅವಳಿಗೆ ಹತ್ತು ಹನ್ನೆರಡು ಕುರಿಗಳಿದ್ದವು. ಮಳೆಗಾಲದಲ್ಲಿ ಕೆರೆದಂಡೆಯ ಹಸಿಹುಲ್ಲು ಮೇಯ್ದು ಹೊಟ್ಟೆಯಲ್ಲಿ ಹುಳಗಳಾದರೆ, ಅವು ರಕ್ತ ಹೀರಿದಂತೆಲ್ಲ ಕುರಿಯ ರೆಪ್ಪೆಯ ಒಳಭಾಗ ಬೆಳ್ಳಗಾಗುತ್ತಿತ್ತು. ಅಂಥವಕ್ಕೆ ಚಿಗವ್ವ ಔಷಧ ಕುಡಿಸುತ್ತಿದ್ದಳು.

ಒಂದು ಬೇಸಿಗೆ ಅವಳು ಮಗಳ ಬಾಣಂತನಕ್ಕೆಂದು ಲಕ್ಕುಂಡಿಗೆ ಹೋಗಿದ್ದಾಗ, ಕುರಿ ಕೊಳ್ಳುವವರು ಬಂದರು. “ಯಾವುದರ ಒಂದ ಹಿಡಕೊಂಡ ಬಾರವಾ” ಎಂದರು ಚಿಗವ್ವನ ಗಂಡ, ನಮ್ಮ ಕಾಕಾ. ಮೈತುಂಬಿಕೊಂಡವನ್ನು ಉಳಿಸಿದರೆ ಚಿಗವ್ವ ಹಿಗ್ಗುತ್ತಾಳೆಂದು ನಾನು ಕಿವಿ ಹರಿದ ಸಣಕಲು ಕುರಿಯನ್ನೇ ಹಿಡಿದುಕೊಟ್ಟೆ.

ಮರಳಿ ಬಂದವಳು ನೇರ ದೊಡ್ಡಿಗೆ ಹೋದಳು. “ಹರಕಿವಿ ಎಲ್ಲಿ?”

“ಮಾರಿದ್ವಿ. ಸಣಕಲ ಇತ್ತಲ್ಲ...”

“ಅದೊಂದಕ್ಕ ನಾ ಎಂದೂ ಔಷಧ ಹಾಕಿದಾಕಿ ಅಲ್ಲವ್ವಾ. ಎಲ್ಲಾ ಕುರಿ ತಿಂದ ಹುಲ್ಲ ಅದೂ ತಿಂತಿತ್ತು, ರೆಪ್ಪಿ ಮಾತ್ರ ಕೆಂಪಗ. ಹುಳಕ್ಕ ಜಗ್ಗದಂಥಾ ಮೈ, ಮರಿಗೂ ಬರತೈತಿ ಅಂತ ದನದ ಡಾಕ್ಟರು ಹೇಳಿದ್ರು. ಈಗ ಗಬ್ಬ ಇತ್ತು.”

“ನನಗ ಹೇಳಬಾರದಿತ್ತೇನ?” ಎಂದರು ಕಾಕಾ.

“ಹೇಳಿದ್ದ ನೀವು ಎಂದರ ಕೇಳೀರಿ?”

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಕೊಂಡವರು ಅದನ್ನು ಮುಂಡರಗಿ ಕಡೆ ಯಾರೋ ಸಾಕುವವರಿಗೆ ಕೊಟ್ಟರೆಂದು ಆಮೇಲೆ ಖಬರ ಬಂತು. ಎಲ್ಲೇ ಕುರಿಹಿಂಡು ಕಂಡರೂ ಚಿಗವ್ವ ನಿಂತುಬಿಡುವುದು ಅಂದಿನಿಂದ ಶುರುವಾಯಿತು. “ತಡಿಯಪ್ಪಾ ಒಂಚೂರು” ಎಂದು ರೆಪ್ಪೆ ಎಳೆದು ನೋಡುವಳು.

“ಕೊಳ್ಳಾಕೇನ್ರೀ?” ಎಂದು ಕುರಿ ಕಾಯುವವರು ಕೇಳುವರು.

“ಇಲ್ಲೋ ಯಪ್ಪಾ, ನಮ್ಮ ಮೊಮ್ಮಕ್ಕಳನ ಹುಡುಕಾಕತ್ತೇನಿ.”

ಪಕ್ಕದಲ್ಲಿ ನಿಂತು ನಾನೂ ನಗುತ್ತಿದ್ದೆ, ಆದರೆ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಚಿಗವ್ವ ತೀರಿಕೊಂಡು ಬಹಳ ವರ್ಷಗಳಾದವು. ನನ್ನ ರೆಪ್ಪೆಯನ್ನು ಈಗ ಯಾರೂ ಎಳೆದು ನೋಡುವುದಿಲ್ಲ. ಕಳೆದ ಮಳೆಗಾಲ ಅಡರಕಟ್ಟಿಯ ಹತ್ತಿರ ಹಿಂಡೊಂದು ರಸ್ತೆ ದಾಟುತ್ತಿತ್ತು. ಸ್ಕೂಟರ್ ನಿಲ್ಲಿಸಿ ಒಂದು ಸಣಕಲು ಕುರಿಯ ರೆಪ್ಪೆ ಎಳೆದೆ. ಕೆಂಪಗಿತ್ತು! ಕುರಿ ಕಾಯುವವನ ಕಡೆ ತಿರುಗಿದೆ.

“ಹುಳದ ಔಷಧ ಯಾವಾಗ ಹಾಕಿದ್ರಿ?”

“ಹೋದ ವಾರ ಎಲ್ಲಾಕ್ಕೂ ಹಾಕೇವ್ರಿ ಯವ್ವಾ.”

ಹಾಗಾದರೆ ಆ ಕೆಂಪು ಮೈಯದೋ ಔಷಧದ್ದೋ ತಿಳಿಯುವಂತಿಲ್ಲ. ಆದರೂ ಅದರ ಹಿಂದೆ ಬಂದ ಕುರಿಯ ರೆಪ್ಪೆಯನ್ನೂ ಎಳೆದು ನೋಡಿದೆ.