ಒರಗುವ ಸೀಟು, ಕಾವು ಕೂತ ಕೋಳಿ

ಸ್ನೇಹಿತರೇ, ಇವತ್ತು ಹೊಳೆನರಸೀಪುರದಿಂದ ಹಾಸನಕ್ಕೆ ಬರುವಾಗ ಬಸ್ಸಿನಲ್ಲಿ ಕಂಡದ್ದನ್ನು ಹೇಳಲೇಬೇಕು. ಅಮಲ್ದಾರರ ಕಚೇರಿಯ ಗುಮಾಸ್ತರೊಬ್ಬರು ಮುಂದಿನ ಸೀಟಿನಲ್ಲಿದ್ದರು. ಆ ಸೀಟಿನ ನಟ್ಟು ಸಡಿಲ. ಅವರು ಒರಗಿದಾಗಲೆಲ್ಲ ಅದರ ಬೆನ್ನು ಹಿಂದಕ್ಕೆ ವಾಲಿ, ನನ್ನ ಪಕ್ಕದ ಹೆಂಗಸಿನ ತೊಡೆಯ ಮೇಲಿದ್ದ ಬುಟ್ಟಿಯನ್ನು ಒತ್ತುತ್ತಿತ್ತು. ಬುಟ್ಟಿಯೊಳಗೆ ಮೊಟ್ಟೆಗಳ ಮೇಲೆ ಕಾವು ಕೂತ ಕೋಳಿ.

“ವಸಿ ಮುಂದಕ್ಕೆ ಕೂತ್ಕಳಿ ಸಾ, ಮೊಟ್ಟೆ ಒಡೆದೋಯ್ತವೆ.”

“ಟಿಕೆಟ್ ತಗೊಂಡಿದೀನಮ್ಮ, ಒರಗಿಯೇ ಕೂರ್ತೀನಿ. ಕೋಳೀನ ಮನೇಲಿ ಬಿಟ್ಟು ಬರ್ಬೇಕಿತ್ತು.”

“ಮನೇಲಿ ಯಾರವ್ರೆ ಸಾ? ಮಗಳ ಬಾಣಂತನಕ್ಕೆ ಹೊಂಟಿವ್ನಿ. ಇನ್ನ ಮೂರು ದಿನಕ್ಕೆ ಮರಿ ಆಯ್ತವೆ.”

ಅವರು ಮತ್ತೆ ಒರಗಿದರು. ಆಕೆ ಜಗಳವಾಡಲಿಲ್ಲ, ಕಂಡಕ್ಟರನ್ನೂ ಕರೆಯಲಿಲ್ಲ. ಎದ್ದು ನಿಂತು, ಬುಟ್ಟಿಯನ್ನು ಮೆಲ್ಲಗೆ ಅವರ ತೊಡೆಯ ಮೇಲೇ ಇಟ್ಟರು.

“ನೀವೇ ಇಡ್ಕಳಿ ಸಾ. ಈಗ ಎಷ್ಟಾದ್ರೂ ಒರಗ್ಕಳಿ.”

ಗುಮಾಸ್ತರು ಬೆಚ್ಚಿಬಿದ್ದು ಎರಡೂ ಕೈಯಲ್ಲಿ ಬುಟ್ಟಿ ಹಿಡಿದರು. ಕೋಳಿ ಕತ್ತು ಎತ್ತಿ ಅವರನ್ನೇ ನೋಡಿತು. ಮೊದಲ ಹಳ್ಳಕ್ಕೆ ಬಸ್ಸು ಕುಲುಕಿದ್ದೇ ತಡ, “ಡ್ರೈವರೇ, ನಿಧಾನ! ಮೊಟ್ಟೆ ಇದಾವೆ!” ಎಂದು ಕೂಗಿದವರು ಅವರೇ. ಹಾಸನ ಬರುವವರೆಗೂ ಅವರ ಬೆನ್ನು ಸೀಟಿಗೆ ತಾಗಲಿಲ್ಲ.

ಇಳಿಯುವಾಗ ಆಕೆ ಬುಟ್ಟಿ ಇಸಿದುಕೊಂಡು ಒಳಗೆ ಕೈಯಾಡಿಸಿ ನೋಡಿದರು. “ಒಂದೂ ಒಡೆದಿಲ್ಲ. ನೀವು ಒರಗ್ಕಬೋದಿತ್ತಲ್ಲಾ ಸಾ, ನಾನೇನು ಬ್ಯಾಡ ಅಂದ್ನಾ?”

ಇಷ್ಟು ಸಲೀಸಾಗಿ ಗೆದ್ದವರನ್ನು ನಾನು ಕಂಡಿಲ್ಲ. ಆ ಮಾತಿನಲ್ಲಿ ಕೊಂಕಿದೆಯೇ ಎಂದು ಆಕೆಯ ಮುಖ ನೋಡಿದೆ, ಎಳ್ಳಷ್ಟೂ ಕಾಣಲಿಲ್ಲ. ಗುಮಾಸ್ತರೂ ಅದನ್ನೇ ಹುಡುಕುತ್ತಿದ್ದರು.