ಸರ್ ಅನ್ನಬಾರದ ಕಂಪನಿ

ಗೋವಾದ ಫೋಂಡಾದೊಳಗ ಒಂದು ದೊಡ್ಡ ಕಂಪನಿಗೆ ಹೊಸದಾಗಿ ಸೇರಿದ ನಮಗೆಲ್ಲಾ ಅವತ್ತು ತರಬೇತಿ. ಕಲಿಸಾಕ ಬಂದ ಅಲ್ಲಿಯವರ ಆದ ಸಾಹೇಬರು, "ಇಲ್ಲಿ ದೊಡ್ಡವರು, ಸಣ್ಣವರು ಅಂತ ಯಾರೂ ಇಲ್ಲ. ಸರ್ ಅನ್ನಬ್ಯಾಡ್ರಿ, ಸಂದೇಶ್ ಅಂತ ಹೆಸರು ಹಿಡಿದು ಕರೀರಿ," ಅಂತ ಹಿಂದಿಯೊಳಗ ಎದಿ ತಟ್ಟಿ ಹೇಳಿದ್ರು. ಬರೇ ಹೆಸರು ಹಿಡಿದು ಕರಿಯಾಕ ನನ್ನ ಧಾರವಾಡದ ನಾಲಿಗಿ ಏಳಲಿಲ್ಲ. ಮರ್ಯಾದಿಗೆ ನಮ್ಮದೊಂದು 'ರೀ' ಹಚ್ಚಿ, "ಸಂದೇಶ್ ರೀ," ಅಂದೆ.

ಅವರ ಮಾರಿ ಕೆಂಪಗಾತು. ಅವರ ಕಿವಿಗೆ ಅದು ಕೊಂಕಣಿಯ 'ರೇ' ಆಗಿ ಬಿದ್ದಿತ್ತು. ಅಂದ್ರ, 'ಏ ಸಂದೇಶ್ಯಾ' ಅಂದಂಗ!

"ನಾ ಏನು ನಿನ್ನ ಗೆಳೆಯನಾ?"

"ಅಲ್ಲ, ಸರ್."

"ಹಾಂ, ಹಂಗ ಅನ್ನು," ಅಂತ ಅವರು ತಣ್ಣಗಾದ್ರು.

ಸಮಾನತೆಯ ಪಾಠ ಚಹಾ ಬರೂದ್ರೊಳಗ ಮುಗೀತು. ದೊಡ್ಡ ಕಂಪನಿ ನೋಡ್ರಿ, ಎಲ್ಲಾ ಕೆಲಸ ಭಾಳ ಲಗೂ.