ಯಾರನ್ನು ಕೇಳಿ ಬಾರ್ ಕತ್ತರಿಸಿದಿರಿ?

ಕಳೆದ ವರ್ಷ ದಸರಾ ರಜೆಯಲ್ಲಿ, ಮನೆಗೆ ಸುಣ್ಣಬಣ್ಣ ಮಾಡಿಸಲೆಂದು ಅಟ್ಟ ಖಾಲಿ ಮಾಡುತ್ತಿದ್ದಾಗ ನನ್ನ ಹಳೆಯ ರೇಸಿಂಗ್ ಸೈಕಲ್ಲಿನ ಫ್ರೇಮ್ ಸಿಕ್ಕಿತು. ಚಕ್ರವಿಲ್ಲ, ಚೈನಿಲ್ಲ, ಮೈಯೆಲ್ಲ ತುಕ್ಕು. ಆದರೆ ಎತ್ತಿದರೆ ಅದೇ ಹಗುರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಐವತ್ತು ದಾಟಿದವಳು. ಅದನ್ನು ಹಿಡಿದುಕೊಂಡು ನಡುಮನೆಯಲ್ಲಿ ನಿಂತು ಒಬ್ಬಳೇ ನಕ್ಕುಬಿಟ್ಟೆ.

ಕಾಲೇಜಿನಲ್ಲಿ ಸೈಕಲ್ ರೇಸಿಗೆ ಹೆಸರು ಕೊಟ್ಟಾಗ ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಡಿಸಿದ್ದರು. ಸೀಟಿನಿಂದ ಹ್ಯಾಂಡಲ್‌ವರೆಗೆ ಅಡ್ಡ ಬಾರ್ ಇರುವ, ಗಂಡಸರು ಓಡಿಸುವಂಥ ಸೈಕಲ್. ವಿದ್ಯಾರಣ್ಯಪುರಂನ ನಮ್ಮ ಬೀದಿಗೆ ಅದೇ ದೊಡ್ಡ ಸುದ್ದಿಯಾಯಿತು. "ಹೆಣ್ಣುಮಗು ಹಂಗೆ ಕಾಲೆತ್ತಿ ಹತ್ತೋದು ಚೆನ್ನಾಗಿರುತ್ತಾ ಸ್ವಾಮಿ?" ಎಂದು ಎದುರು ಮನೆಯವರು ಕೇಳಿದರು. "ಕಾಲು ಅವಳದು, ಎತ್ತೋಳು ಅವಳು. ನಿಮಗೆಲ್ಲಿ ನೋವು ಕಣ್ರೀ?" ಎಂದರು ಅಪ್ಪ. ಅವರು ಈಗಿಲ್ಲ. ನಾನು ಮದುವೆಯಾಗಿ ಸಿದ್ಧಾರ್ಥನಗರಕ್ಕೆ ಬಂದಾಗ ಸೈಕಲ್ಲೂ ಜೊತೆಗೆ ಬಂದು ಅಟ್ಟ ಸೇರಿತ್ತು.

ಹೊಸ ರೇಸಿಂಗ್ ಸೈಕಲ್ಲಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನನಗದು ಬೇಕಾಗಿಯೂ ಇರಲಿಲ್ಲ, ನನ್ನದೇ ಮತ್ತೆ ಓಡಬೇಕಿತ್ತು. ಗುಜರಿಯಿಂದ ಒಂದು ಜೊತೆ ರಿಮ್ಮು, ಸಹೋದ್ಯೋಗಿಯ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಸೈಕಲ್ಲಿನ ಬ್ರೇಕು, ಸೀಟು ಎಂದು ಒಂದೊಂದೇ ಹೊಂದಿಸಿಕೊಂಡೆ. ಫ್ರೇಮಿಗೆ ಬಣ್ಣ ಹೊಡೆಸುವುದಷ್ಟೇ ಉಳಿಯಿತು. ಅಷ್ಟರಲ್ಲಿ ಶಾಲೆ ಶುರುವಾಗಿತ್ತು. ನಮ್ಮ ಯಜಮಾನರ ಆಫೀಸು ದಟ್ಟಗಳ್ಳಿ ಕಡೆ. ಅಲ್ಲಿನ ಒಂದು ಸೈಕಲ್ ಶಾಪಿಗೆ ಕೊಟ್ಟುಬನ್ನಿ, ತುಕ್ಕು ಉಜ್ಜಿ ನೀಲಿ ಬಣ್ಣ, ಅಷ್ಟೇ ಎಂದು ಎರಡೆರಡು ಸಲ ಹೇಳಿ ಕಳಿಸಿದೆ.

ಶನಿವಾರ ಶಾಲೆ ಮುಗಿಸಿಕೊಂಡು ತರಲು ಹೋದೆ. ನೀಲಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಬಾರ್ ಇರಲಿಲ್ಲ. ಅದನ್ನು ಕತ್ತರಿಸಿ, ಕೆಳಗೆ ಇನ್ನೊಂದು ಪೈಪನ್ನು ಓರೆಯಾಗಿ ಬೆಸೆದಿದ್ದರು.

"ಲೇಡೀಸ್ ಸೈಕಲ್ ಮಾಡ್ಬುಟ್ಟಿದ್ದೀನಿ ಮೇಡಂ," ಎಂದು ಶಾಪಿನವನು ಖುಷಿಯಿಂದ ತೋರಿಸಿದ. "ಈ ವಯಸ್ಸಲ್ಲಿ ನಿಮಗೆ ಹತ್ತಿ ಇಳಿಯೋದು ಕಷ್ಟ ಅಂತ ಯಜಮಾನ್ರು ಹೇಳಿದ್ರಲ್ಲ. ಮುಂದ್ಗಡೆ ಬುಟ್ಟಿ ನಮ್ಮ ಕಡೆಯಿಂದ ಫ್ರೀ. ತರಕಾರಿ ತರೋಕೆ."

ನನ್ನ ಮೈಯೆಲ್ಲ ಉರಿದುಹೋಯಿತು. ಬಾರ್ ವಾಪಸ್ ಹಾಕಿಕೊಡಿ ಎಂದೆ. ಅವನು ತಲೆ ಕೆರೆದುಕೊಂಡು, "ಯಜಮಾನ್ರನ್ನ ಒಂದ್ಮಾತು ಕೇಳ್ಬುಡಿ ಮೇಡಂ," ಎಂದ.

"ನನ್ನ ಸೈಕಲ್ ಕತ್ತರಿಸೋವಾಗ ನನ್ನನ್ನ ಒಂದ್ಮಾತು ಕೇಳಿದ್ರೇನ್ರೀ?"

ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ತಿರುಗಿದರು. ನೋಡಲಿ ಬಿಡಿ! ಕತ್ತರಿಸಿದ ಪೈಪು ಕಬ್ಬಿಣದ ರಾಶಿಯಲ್ಲಿ ಬಿದ್ದಿತ್ತು. ಫ್ರೇಮನ್ನು ಅಲ್ಲೇ ಬಿಟ್ಟು, ಅದನ್ನಷ್ಟೇ ಹೆಕ್ಕಿಕೊಂಡು ಸ್ಕೂಟರ್ ಹತ್ತಿದೆ.

ಮನೆಯಲ್ಲಿ ಯಜಮಾನರು ಕಾಫಿ ಕುಡಿಯುತ್ತಿದ್ದರು. ಪೈಪನ್ನು ಅವರ ಲೋಟದ ಪಕ್ಕದಲ್ಲೇ ಇಟ್ಟೆ.

"ನಿನ್ನ ಒಳ್ಳೇದಕ್ಕೇ ಅಲ್ವೇನೇ? ಬಿದ್ದು ಸೊಂಟ ಮುರ್ಕೊಂಡ್ರೆ?" ಎಂದರು.

ಅವರು ಕೆಟ್ಟವರಲ್ಲ. ನನಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂರುವವರು. ಅದಕ್ಕೇ ಸಿಟ್ಟು ಇನ್ನೂ ಏರಿತು. "ಎದುರು ಮನೆಯವರಿಗಾದ್ರೆ ಅಪ್ಪ ಉತ್ತರ ಕೊಟ್ಟಿದ್ರು. ನಿಮಗೆ ನಾನೇ ಕೊಡಬೇಕಾಯ್ತು. ನನ್ನ ಕಾಲು ಎಷ್ಟು ಮೇಲೆ ಹೋಗುತ್ತೆ ಅಂತ ನನ್ನನ್ನ ಕೇಳಬೇಕಿತ್ತು," ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು, ಅದಕ್ಕೂ ಸಿಟ್ಟು ಬಂತು.

ಮುಂದಿನ ವಾರ ಶಾಪಿನಲ್ಲೇ ಸ್ಟೂಲ್ ಹಾಕಿಕೊಂಡು ಕುಳಿತೆ. ಓರೆ ಪೈಪು ತೆಗೆಸಿ, ಹಳೆಯ ಬಾರನ್ನೇ ಒಳಗೊಂದು ಸಣ್ಣ ಪೈಪು ತೂರಿಸಿ ಬೆಸೆಸಿದೆ. ಎರಡು ಕಡೆ ಬೆಸುಗೆ ದಪ್ಪಗೆ ಉಳಿಯಿತು. ಉಜ್ಜಿ ಬಣ್ಣ ಹೊಡೆದು ಮುಚ್ಚಿಬಿಡ್ತೀನಿ ಎಂದ ಶಾಪಿನವನು. ಬೇಡ ಎಂದೆ.

ಚಕ್ರ, ಚೈನು, ಬ್ರೇಕು ಎಲ್ಲ ಜೋಡಿಸಿಕೊಂಡು ಈಗ ಭಾನುವಾರಗಳಂದು ಊರಂಚಿನ ಬೆಟ್ಟದ ಬುಡದವರೆಗೆ ಹೋಗಿ ಬರುತ್ತೇನೆ. "ಆ ಬೆಸುಗೆ ಎದ್ದು ಕಾಣುತ್ತೆ ಕಣೇ," ಎಂದು ಯಜಮಾನರು ಒಮ್ಮೆ ಹೇಳಿದರು. ಕಾಣಲಿ ಅಂತಲೇ ಬಿಟ್ಟಿರೋದು ಎಂದೆ.

ಮೊನ್ನೆ ಹೊರಡುವಾಗ ನೋಡಿದರೆ, ಯಜಮಾನರು ಎಣ್ಣೆ ಡಬ್ಬಿ ಹಿಡಿದು ಸೈಕಲ್ ಪಕ್ಕ ನಿಂತಿದ್ದಾರೆ. "ಚೈನಿಗೆ ಒಂದೆರಡು ಹನಿ ಬಿಡಲೇನೇ?" ಎಂದು ಕೇಳಿದರು.

ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಕೇಳಿದರಲ್ಲ ಎಂದು, "ಹ್ಞೂಂ, ಬಿಡಿ," ಎಂದೆ.